ನಾಯಿ ಕೂತದ್ದು, ತಂಗಿ ಕೂತದ್ದು

ಹುಲ್ಲು ಇರುವುದು ದನಕ್ಕೆ ಎಂದು ನಂಬಿ ಬೆಳೆದವನು ನಾನು. ನಮ್ಮಪ್ಪ ಗೌಡರ ಮನೆಯಲ್ಲಿ ಜೀತಕ್ಕಿದ್ದ. ಬೆಳಿಗ್ಗೆ ಒಂದು ಹೊರೆ, ಸಂಜೆ ಒಂದು ಹೊರೆ ಹುಲ್ಲು ಕೊಯ್ದು ಅವರ ಕೊಟ್ಟಿಗೆ ತುಂಬಬೇಕಿತ್ತು. ಅದೇ ಬದುವಿನಲ್ಲಿ ನಮ್ಮ ಎಮ್ಮೆಕರುವಿಗೆಂದು ಅವ್ವ ಒಂದು ಹಿಡಿ ಕೊಯ್ದರೆ ಕುಡುಗೋಲು ಕಿತ್ತುಕೊಂಡು ಕಳಿಸುತ್ತಿದ್ದರು. 1976ರಲ್ಲಿ ಜೀತ ರದ್ದಿನ ಕಾನೂನು ಬಂತು ಎಂದು ನಾನು ಈಗ ಹೈಸ್ಕೂಲಿನ ಮಕ್ಕಳಿಗೆ ಪಾಠ ಮಾಡುತ್ತೇನೆ. ಆ ಕಾನೂನು ನಮ್ಮ ಕೇರಿಯವರೆಗೆ ನಡೆದು ಬರಲು ಇನ್ನೂ ಐದಾರು ವರ್ಷ ಹಿಡಿಯಿತು. ಅಪ್ಪನಿಗೆ ಬಿಡುಗಡೆ ಸಿಕ್ಕಿತು, ಬದುವಿನ ಹುಲ್ಲು ಗೌಡರದಾಗಿಯೇ ಉಳಿಯಿತು.

ಇಂಥ ನಾನು ಯಾವ ದನವೂ ಬಾಯಿಹಾಕದ ಹುಲ್ಲಿಗಾಗಿ ಓದುಬರಹ ಬಲ್ಲವರು ಕಚ್ಚಾಡುವುದನ್ನು ಒಂದು ಬೇಸಿಗೆ ರಜೆಯಲ್ಲಿ ದಿನವೂ ನಿಂತು ನೋಡಿದೆ. ಅದನ್ನು ಬರೆಯಬೇಕೆನಿಸಿದೆ.

ನನ್ನ ತಂಗಿ ಒಂದು ಜಿಲ್ಲಾ ಕೇಂದ್ರದಲ್ಲಿ ಪೌರಕಾರ್ಮಿಕಳು. ಊರಿನ ಹೆಸರು ಬೇಡ, ಅವಳ ಅನ್ನಕ್ಕೆ ಕುತ್ತು ಬರುತ್ತದೆ. ಗಂಡ ತೀರಿಕೊಂಡ ಮೇಲೆ ಪೊರಕೆ ಹಿಡಿದವಳು, ಹತ್ತೊಂಬತ್ತು ವರ್ಷವಾಯಿತು. 2022ರ ಜುಲೈನಲ್ಲಿ ರಾಜ್ಯದ ಪೌರಕಾರ್ಮಿಕರು ಖಾಯಂ ಮಾಡಿ ಎಂದು ಮುಷ್ಕರ ಹೂಡಿದಾಗ ಇವಳೂ ಹೋಗಿ ಕೂತಿದ್ದಳು. ಕೆಲವರ ಹೆಸರು ಪಟ್ಟಿಗೆ ಬಂತು, ಇವಳದು ಬರಲಿಲ್ಲ. ಆ ಬೇಸಿಗೆಯಲ್ಲಿ ಅವಳ ಮಂಡಿ ಊದಿಕೊಂಡಿತ್ತು. ರಜೆ ಹಾಕಿದರೆ ಸಂಬಳ ಹೋಗುತ್ತದೆ. "ಗಾಡಿ ತಳ್ಳಕ್ಕೆ ಒಬ್ರು ಇದ್ರೆ ಸಾಕು ಅಣ್ಣಯ್ಯ, ಗುಡುಸೋದ ನಾನೇ ಗುಡುಸ್ಕತೀನಿ" ಅಂದಳು. ಹಾಗಾಗಿ ಬೆಳಗಿನ ಆರು ಗಂಟೆಗೆಲ್ಲ ನಾನು ಅವಳ ಹಿಂದೆ ಗಾಡಿ ತಳ್ಳುತ್ತಿದ್ದೆ. ಬಡಾವಣೆಯ ಜನಕ್ಕೆ ನಾನು ಮೇಷ್ಟ್ರು ಎಂದು ಗೊತ್ತಿರಲಿಲ್ಲ. ಗೊತ್ತಾಗದೆ ಇದ್ದದ್ದರಿಂದ ತುಂಬ ವಿಷಯ ಗೊತ್ತಾಯಿತು.

ಬಡಾವಣೆ ಎಂದರೆ ನಿವೃತ್ತ ಅಧಿಕಾರಿಗಳು, ಡಾಕ್ಟರುಗಳು, ಕಾಲೇಜು ಪ್ರೊಫೆಸರುಗಳು. ಮೂಲೆಮನೆ ಒಬ್ಬ ನಿವೃತ್ತ ಇಂಜಿನಿಯರರದು. ಎದುರುಮನೆ ಡಾಕ್ಟರದು. ಡಾಕ್ಟರ ಮನೆಯಲ್ಲಿ ಸೀಸರ್ ಎಂಬ ಲ್ಯಾಬ್ರಡಾರ್ ನಾಯಿ. ಇಂಜಿನಿಯರರ ಮನೆಯ ಮುಂದೆ ಹುಲ್ಲುಹಾಸು. ಚಾಪೆಯ ಹಾಗೆ ಸುತ್ತಿ ಅಡಿ ಲೆಕ್ಕದಲ್ಲಿ ಮಾರುವ ಮೆಕ್ಸಿಕನ್ ಹುಲ್ಲು. ದಿನಕ್ಕೆರಡು ಹೊತ್ತು ಪೈಪಿನಲ್ಲಿ ನೀರು, ಹದಿನೈದು ದಿನಕ್ಕೊಮ್ಮೆ ಮಿಷನ್ನಿನಿಂದ ಕ್ಷೌರ. ಕತ್ತರಿಸಿದ ಹುಲ್ಲು ಬರುವುದು ನಮ್ಮ ಕಸದ ಗಾಡಿಗೆ. ಮೊದಲ ದಿನ ಆ ಹಸಿರನ್ನು ಕಸದ ಮೇಲೆ ಸುರಿದಾಗ ನನ್ನ ಕೈ ತಾನಾಗಿ ಅದನ್ನು ಬೇರೆ ಮಾಡಿ ಹೊರೆ ಕಟ್ಟಲು ಹೋಯಿತು. ತಂಗಿ ನಕ್ಕಳು.

ಈ ಹುಲ್ಲುಹಾಸಿನ ವಿಚಾರ ಇನ್ನೊಂದಿದೆ. ಅದರಲ್ಲಿ ಒಂದು ಪಾಲು ಕಾಂಪೌಂಡಿನ ಒಳಗೆ, ದೊಡ್ಡ ಪಾಲು ಹೊರಗೆ. ಹೊರಗಿನದು ರಸ್ತೆಯ ಅಂಚಿನ ಸರ್ಕಾರಿ ಜಾಗ, ಜನ ನಡೆದಾಡಬೇಕಾದ ಎಂಟಡಿ ನೆಲ. ಅದಕ್ಕೆ ಕಬ್ಬಿಣದ ಗೂಟ ನೆಟ್ಟು, ಸರಪಳಿ ಎಳೆದು, 'ಖಾಸಗಿ ಹುಲ್ಲುಹಾಸು, ನಾಯಿಗಳನ್ನು ಬಿಡಬೇಡಿ' ಎಂದು ಬೋರ್ಡು ಹಾಕಿದ್ದಾರೆ. ನಮ್ಮ ಚಿಕ್ಕಪ್ಪ ಊರಾಚೆಯ ಗೋಮಾಳದಲ್ಲಿ ಒಂದೂವರೆ ಎಕರೆ ಕಲ್ಲು ಆಯ್ದು ರಾಗಿ ಹಾಕಿಕೊಂಡಿದ್ದ. ಬಗರ್‌ಹುಕುಂ ಸಾಗುವಳಿ ಸಕ್ರಮ ಮಾಡುತ್ತೇವೆ ಎಂದು 1991ರಲ್ಲಿ ನಮೂನೆ 50 ಅಂದರು, ತುಂಬಿದ. ಆಮೇಲೆ ನಮೂನೆ 53 ಅಂದರು, ಅದನ್ನೂ ತುಂಬಿದ. 2018ರಲ್ಲಿ ನಮೂನೆ 57 ಬಂದಾಗ ಅವನ ಮಗ ತುಂಬಿದ, ಏಕೆಂದರೆ ಚಿಕ್ಕಪ್ಪ ಆಗಲೇ ಮಣ್ಣು ಸೇರಿದ್ದ. ಮೂರು ನಮೂನೆಗೂ ಒಕ್ಕಲಾಗದ ನೆಲ ನಮ್ಮದು. ಇಂಜಿನಿಯರರು ಯಾವ ನಮೂನೆಯನ್ನೂ ತುಂಬಲಿಲ್ಲ. ಹುಲ್ಲು ಹಾಸಿದರು, ಅಷ್ಟೆ.

ಜಗಳ ಶುರುವಾದದ್ದು ಈ ಹಾಸಿನ ಮೇಲೆ ಎದ್ದ ಹಳದಿ ಕಲೆಗಳಿಂದ. ನಾಯಿಯ ಉಚ್ಚೆಯಲ್ಲಿ ಸಾರಜನಕ ಹೆಚ್ಚು. ಒಂದೇ ಕಡೆ ಸುರಿದರೆ ನಡುವಿನ ಹುಲ್ಲು ಸುಟ್ಟುಹೋಗುತ್ತದೆ, ಅಂಚಿನದು ಅದೇ ಗೊಬ್ಬರ ಕುಡಿದು ಕಡುಹಸಿರಾಗುತ್ತದೆ. ಹಸಿರು ಬಳೆಯೊಳಗೆ ಹಳದಿ ಹಪ್ಪಳ ಇಟ್ಟ ಹಾಗೆ ಕಾಣುತ್ತದೆ. ಇಂಜಿನಿಯರರು ಬೆಳಿಗ್ಗೆ ಎದ್ದು ಆ ಹಪ್ಪಳಗಳನ್ನು ಎಣಿಸುತ್ತಿದ್ದರು. ಅದರ ಜೊತೆಗೆ ಸೀಸರನ ಹೇಲು.

ಮೊದಮೊದಲು ಮಾತು ಮರ್ಯಾದೆಯಲ್ಲೇ ಇತ್ತು. "ಡಾಕ್ಟ್ರೇ, ನಿಮ್ಮ ಸೀಸರ್‌ಗೆ ನಮ್ಮ ಲಾನೇ ಬೇಕು ನೋಡಿ." "ಏನ್ಮಾಡೋದು ಸಾರ್, ಮಾತು ಬಾರದ ಜೀವ." ವಾರದಲ್ಲಿ ಸಾರು ಹೋಯಿತು, ಡಾಕ್ಟ್ರೂ ಹೋದರು, 'ಏನ್ರೀ' ಬಂತು. "ಏನ್ರೀ, ನಿಮ್ಮ ಮನೇಲಿ ಕಕ್ಕಸು ಇಲ್ವೇನ್ರೀ?" "ರೋಡೇನು ನಿಮ್ಮಪ್ಪಂದೇನ್ರೀ?" ಈ ಎರಡನೆಯ ಪ್ರಶ್ನೆ ಒಳ್ಳೆಯ ಪ್ರಶ್ನೆ, ಆದರೆ ಕೇಳಿದವರಿಗೆ ಅದರ ಬೆಲೆ ಗೊತ್ತಿರಲಿಲ್ಲ. ಯಾಕೆಂದರೆ ಡಾಕ್ಟರೂ ತಮ್ಮ ಗೇಟಿನ ಮುಂದೆ ಕಾರು ನಿಲ್ಲಿಸಲೆಂದು ಹಾಗೇ ಗೂಟ ನೆಟ್ಟಿದ್ದರು.

ಸೀಸರನನ್ನು ಓಡಾಡಿಸಲು ಬರುತ್ತಿದ್ದವನು ಡಾಕ್ಟರ ಮನೆಯ ಪಾತ್ರೆ ತೊಳೆಯುವಾಕೆಯ ಮಗ, ಪಿಯುಸಿ ಓದುವ ಹುಡುಗ. ನಮ್ಮವನೇ. ಜಗಳ ಕಾವೇರಿದಾಗಲೆಲ್ಲ ಇಬ್ಬರೂ ತಟ್ಟನೆ ಒಂದಾಗುತ್ತಿದ್ದ ಜಾಗ ಈ ಹುಡುಗ. "ಇವನಿಗೆ ಹೇಳಿದ್ದೆ ಸಾರ್, ಸರಿಯಾಗಿ ಹಿಡ್ಕೊಳ್ಳಲ್ಲ." "ಅದೇ ನಾನೂ ಹೇಳೋದು, ಈ ಹುಡುಗರಿಗೆ ಜವಾಬ್ದಾರಿನೇ ಇಲ್ಲ." ಅಲ್ಲಿಗೆ ಆ ದಿನದ ಜಗಳಕ್ಕೆ ರಾಜಿ. ಮೂವತ್ತು ಕಿಲೋ ತೂಗುವ ನಾಯಿ ಎಳೆದ ಕಡೆ ಹೋಗುತ್ತಿದ್ದ ಹುಡುಗ ತಲೆ ತಗ್ಗಿಸಿ ಕಾಲೇಜಿಗೆ ಹೋಗುತ್ತಿದ್ದ.

ಇಷ್ಟೆಲ್ಲ ಆಗುತ್ತಿರುವಾಗ ಆ ಹೇಲು ಇಬ್ಬರ ನಡುವೆ ಬಿದ್ದೇ ಇರುತ್ತಿತ್ತು. ಅದು ಯಾರದು ಎಂದು ವಾದ. ಯಾಕೆ ಅಲ್ಲಿ ಎಂದು ವಾದ. ಎತ್ತುವವರು ಯಾರು ಎಂಬ ಪ್ರಶ್ನೆ ಮಾತ್ರ ಅವರ ಬಾಯಲ್ಲಿ ಒಂದು ದಿನವೂ ಬರಲಿಲ್ಲ. ಗೆಳೆಯರೆ, ನಾನು ಕಿವಿಗೊಟ್ಟು ಕೇಳಿದ್ದೇನೆ, ಬರಲಿಲ್ಲ. ಅಷ್ಟು ಕಡುವೈರಿಗಳು ಆ ಒಂದು ವಿಷಯದಲ್ಲಿ ಮಾತೇ ಆಡದೆ ಒಪ್ಪಿಕೊಂಡಿದ್ದರು. ಗಾಡಿಯ ಸದ್ದು ಕೇಳುತ್ತಲೇ ಇಂಜಿನಿಯರರು, "ಏಯ್, ಬಾಮ್ಮ ಇಲ್ಲಿ, ಇದನ್ನೆತ್ತು" ಅನ್ನುತ್ತಿದ್ದರು. ಆ ಕಡೆಯ ಗೇಟಿನಿಂದ ಡಾಕ್ಟರ ಹೆಂಡತಿ, "ತೆಗೆದ್ಬಿಡಮ್ಮ ಪುಣ್ಯ ಬರುತ್ತೆ, ಕಾಫಿ ಕೊಡ್ತೀನಿ" ಅನ್ನುತ್ತಿದ್ದರು. ಕಾಫಿ ಕೊಡುತ್ತಿದ್ದರು, ಸುಳ್ಳು ಹೇಳಬಾರದು. ಹಿಂದೆ ನಮಗೆಂದು ಬೇರೆ ಲೋಟ ಇಡುತ್ತಿದ್ದರು, ಈಗ ಕಾಗದದ ಲೋಟ ಬಂದಿದೆ, ಅವರಿಗೆ ಗೂಡಿನಲ್ಲಿ ಬೇರೆ ಇಡುವ ತೊಂದರೆಯೂ ತಪ್ಪಿದೆ.

ಬೀದಿಗೆಲ್ಲ ಸೀಸರನ ಹೆಸರು ಗೊತ್ತು. ಹಾಲಿನವನಿಗೂ ಗೊತ್ತು. ಹತ್ತೊಂಬತ್ತು ವರ್ಷ ಆ ಬೀದಿ ಗುಡಿಸಿದವಳು 'ಏಯ್'.

ನಾಯಿಯ ಮೇಲೆ ನನಗೆ ಸಿಟ್ಟಿಲ್ಲ. ಕೇರಿಯಲ್ಲಿ ನಾಯಿ ಇಲ್ಲದ ಮನೆ ಇರಲಿಲ್ಲ. ಅಪ್ಪ ಉಂಡು ಮಿಕ್ಕ ಮುದ್ದೆಯ ಚೂರಿಗೆ ಕಾಯುತ್ತಿದ್ದ ಕರಿಯ ನಮ್ಮ ತಟ್ಟೆಯ ಪಾಲುದಾರ. ಅಷ್ಟೇ ಅಲ್ಲ, ಊರೊಳಗಿನ ವ್ಯವಹಾರ ಅವನಿಗೆ ನಮಗಿಂತ ಚೆನ್ನಾಗಿ ನಡೆಯುತ್ತಿತ್ತು. ಗೌಡರ ಜಗುಲಿ ಹತ್ತಿ ಮಲಗಿದರೆ 'ಹಚಾ' ಅಂದರೆ ಮುಗಿಯಿತು, ಜಗುಲಿಗೆ ಸಗಣಿ ನೀರು ಹಾಕುತ್ತಿರಲಿಲ್ಲ. 1927ರಲ್ಲಿ ಬಾಬಾಸಾಹೇಬರು ಮಹಾಡಿನ ಚವದಾರ್ ಕೆರೆಗೆ ಜನರನ್ನು ಕರೆದುಕೊಂಡು ಹೋದಾಗಿನ ಪರಿಸ್ಥಿತಿಯೂ ಅದೇ: ದನ, ನಾಯಿ ಕುಡಿಯಬಹುದಾದ ನೀರು ಮನುಷ್ಯರಿಗೆ ಇರಲಿಲ್ಲ. 1931ರ ಆಗಸ್ಟಿನಲ್ಲಿ ಬೊಂಬಾಯಿಯ ಮಣಿಭವನದಲ್ಲಿ ಗಾಂಧಿಯವರ ಮುಖಕ್ಕೇ ಅವರು ಆಡಿದ್ದು ಈ ನಾಯಿ-ಬೆಕ್ಕಿನ ಮಾತನ್ನೇ. ನಾಯಿಯನ್ನು ಸೋಫಾದ ಮೇಲೆ ಕೂರಿಸಿಕೊಂಡರೆ ನನಗೇನೂ ಹೊಟ್ಟೆಯುರಿ ಇಲ್ಲ. ಕೂರಿಸಿಕೊಂಡವರು ಅದರ ಬಾಲದ ಕೆಳಗಿನದನ್ನೂ ತಮ್ಮದೆಂದು ಒಪ್ಪಿಕೊಳ್ಳಲಿ ಎಂಬುದಷ್ಟೇ ಮಾತು.

ಕಾನೂನು ಏನು ಹೇಳುತ್ತದೆ ಎಂದು ನೋಡಲು ಹೋದೆ. 1970ರ ದಶಕದ ಮೊದಲಲ್ಲಿ, ದೇವರಾಜ ಅರಸರ ಮಂತ್ರಿಮಂಡಲದಲ್ಲಿದ್ದ ಬಿ. ಬಸವಲಿಂಗಪ್ಪನವರು ತಲೆಯ ಮೇಲೆ ಮಲ ಹೊರಿಸುವುದನ್ನು ನಿಲ್ಲಿಸಲು ಹೊರಟರು. ದೇಶದಲ್ಲಿ ಅದಕ್ಕೆಂದೇ ಕಾನೂನು ಬಂದದ್ದು 1993ರಲ್ಲಿ. ಅದಾಗಿ ಹದಿನೇಳು ವರ್ಷಕ್ಕೆ, 2010ರ ಜುಲೈನಲ್ಲಿ, ಹಾವೇರಿ ಜಿಲ್ಲೆಯ ಸವಣೂರಿನಲ್ಲಿ ನಮ್ಮ ಜನ ಪುರಸಭೆಯ ಮುಂದೆ ಮೈಮೇಲೆ ಮಲ ಸುರಿದುಕೊಂಡು ನಿಂತರು. ಆಮೇಲೆ 2013ರ ಕಾನೂನು ಬಂತು, ಅದೇ ವರ್ಷ ಡಿಸೆಂಬರ್ 6ರಂದು, ಬಾಬಾಸಾಹೇಬರು ತೀರಿಕೊಂಡ ದಿನದಂದೇ, ಜಾರಿಯಾಯಿತು. ಎರಡೂ ಕಾನೂನಿನಲ್ಲಿ ಇರುವ ಮಾತು ಮನುಷ್ಯರ ಮಲ. ನಾಯಿಯದು ಅದರೊಳಗೆ ಬರುವುದಿಲ್ಲ. ಅಂದರೆ ಡಾಕ್ಟರ ಮನೆಯವರು ಕೂತದ್ದನ್ನು ತಂಗಿಯ ಕೈಯಲ್ಲಿ ಎತ್ತಿಸಿದರೆ ಜೈಲು, ಡಾಕ್ಟರ ಮನೆಯ ನಾಯಿ ಕೂತದ್ದನ್ನು ಎತ್ತಿಸಿದರೆ ಕಾಫಿ.

ಐ.ಪಿ.ಡಿ. ಸಾಲಪ್ಪನವರ ಸಮಿತಿ 1976ರಲ್ಲಿ ಕೊಟ್ಟ ವರದಿಯಲ್ಲಿ 500 ಜನಕ್ಕೆ ಒಬ್ಬ ಪೌರಕಾರ್ಮಿಕ ಎಂಬ ಲೆಕ್ಕವಿತ್ತು. ಸರ್ಕಾರ ಮುಂದೆ ಅದನ್ನು 700 ಮಾಡಿತು. 500 ಇರಲಿ, 700 ಇರಲಿ, ಅದು ಜನದ ಲೆಕ್ಕ. ತಂಗಿಯ ಪಾಲಿನ ಮೂರು ಬೀದಿಯಲ್ಲಿ ಸಾಕಿದ ನಾಯಿಗಳು ಇಪ್ಪತ್ತಾರು, ನಾನೇ ಎಣಿಸಿದೆ.

ಬೇರೆ ದೇಶದಲ್ಲೂ ಈ ಜಗಳ ಆಗಿದೆ. ನ್ಯೂಯಾರ್ಕ್ ನಗರದಲ್ಲಿ ವರ್ಷಗಟ್ಟಲೆ ಆಯಿತು. ಕೊನೆಗೆ ಅಲ್ಲಿನ ರಾಜ್ಯ ಕಾನೂನು ಮಾಡಿತು, 1978ರ ಆಗಸ್ಟ್ 1ರಿಂದ ನಾಯಿ ಹಿಡಿದುಕೊಂಡು ಹೋದವರೇ ಅದರ ಹೇಲು ಎತ್ತಬೇಕು, ಎತ್ತದಿದ್ದರೆ ದಂಡ. ನಾಯಿ ಸಾಕಿದವರು ಕೂಗಾಡಿದರು, ಆಮೇಲೆ ಬಗ್ಗಿದರು. ಅದು ಸಮಾನತೆಯ ಸ್ವರ್ಗವೇನಲ್ಲ, ಕರಿಯರ ಪಾಡು ಏನೆಂದು ನಮಗೆ ಗೊತ್ತು. ಆದರೆ ಹೇಲು ಎತ್ತುವುದಕ್ಕೆಂದೇ ಹುಟ್ಟಿನಿಂದ ಗೊತ್ತುಮಾಡಿಟ್ಟ ಜಾತಿ ಅಲ್ಲಿ ಇರಲಿಲ್ಲವಾಗಿ, ಯಾರು ಎತ್ತಬೇಕು ಎಂಬ ಪ್ರಶ್ನೆಯನ್ನು ಅವರು ಬಾಯಿಬಿಟ್ಟು ಕೇಳಿಕೊಳ್ಳಲೇಬೇಕಾಯಿತು. ನಮ್ಮಲ್ಲಿ ಅದನ್ನು ಕೇಳುವ ಮೊದಲೇ ಉತ್ತರ ಪೊರಕೆ ಹಿಡಿದು ಬಂದು ನಿಂತಿರುತ್ತದೆ.

ಬಡಾವಣೆಯ ನಿವಾಸಿಗಳ ಸಂಘ ಒಂದು ಭಾನುವಾರ ಸಭೆ ಸೇರಿತು. ಪಾರ್ಕಿನ ಕಲ್ಲುಬೆಂಚಿನ ಹತ್ತಿರ ನಾವು ಎಲೆ ಗುಡ್ಡೆ ಹಾಕುತ್ತಿದ್ದೆವಾಗಿ ಎಲ್ಲ ಕೇಳಿಸಿತು. ಡಾಕ್ಟರು ಭಾರತೀಯ ಪ್ರಾಣಿ ಕಲ್ಯಾಣ ಮಂಡಳಿಯ 2015ರ ಮಾರ್ಗಸೂಚಿ ತಂದಿದ್ದರು. ನಾಯಿ ಸಾಕಬೇಡಿ ಎಂದು ಸಂಘ ಹೇಳುವ ಹಾಗಿಲ್ಲ, ಕಾನೂನಿಲ್ಲದೆ ದಂಡ ಹಾಕುವ ಹಾಗೂ ಇಲ್ಲ ಎಂದು ಓದಿದರು. ಇಂಜಿನಿಯರರು ಶುಚಿಯಾಗಿಡುವಂತೆ ಮಾಲೀಕರನ್ನು ಕೋರಬಹುದು ಎಂಬ ಸಾಲು ಓದಿದರು. ಪ್ರಾಣಿದಯೆಯ ಬಗ್ಗೆ ಒಬ್ಬರು, ಹುಳುಬಾಧೆಯ ಬಗ್ಗೆ ಒಬ್ಬರು ಮಾತಾಡಿದರು. ಹುಳುವಿನ ಮಾತು ನಿಜವೇ. ನಾಯಿಯ ಹೇಲಿನಲ್ಲಿ ಕೊಕ್ಕೆಹುಳು, ದುಂಡುಹುಳುಗಳ ತತ್ತಿ ಇರುತ್ತವೆ, ಅದು ಸಗಣಿಯ ಹಾಗೆ ಗೊಬ್ಬರದ ಗುಂಡಿಗೆ ಹಾಕುವ ವಸ್ತು ಅಲ್ಲ. ಲಾನಿನಲ್ಲಿ ಆಡುವ ಮೊಮ್ಮಕ್ಕಳ ಕಾಲಿಗೆ ಹುಳು ಹತ್ತುತ್ತದೆ ಎಂದು ಒಬ್ಬ ಅಜ್ಜಿ ಹೇಳಿದಾಗ ಎಲ್ಲರೂ ತಲೆದೂಗಿದರು. ತಂಗಿಯ ಕೈಗವಸು ಹರಿದು ಎರಡು ತಿಂಗಳಾಗಿತ್ತು. ಆ ಕೈ ಸಭೆಯಿಂದ ಹತ್ತು ಮಾರು ದೂರದಲ್ಲೇ ಇತ್ತು.

ಸಭೆಯ ತೀರ್ಮಾನ: ಕ್ಯಾಮೆರಾ. ಇಂಜಿನಿಯರರು ಗೇಟಿನ ಮೇಲೆ ಸಿಸಿಟಿವಿ ಹಾಕಿಸಿದರು. ಸೀಸರ್ ಕೂತ ಫೋಟೋಗಳನ್ನು ದಿನಾಂಕ, ಗಂಟೆ, ನಿಮಿಷ ಸಮೇತ ಅಚ್ಚು ಹಾಕಿಸಿ ಫೈಲು ಮಾಡಿದರು. ಎರಡು ತಿಂಗಳು ಫೈಲು ದಪ್ಪವಾಯಿತು, ನಾಯಿಗೂ ಡಾಕ್ಟರಿಗೂ ಏನೂ ಆಗಲಿಲ್ಲ.

ಆದರೆ ಕ್ಯಾಮೆರಾಕ್ಕೆ ಕಣ್ಣು ಒಂದೇ ಕಡೆ ಇರುವುದಿಲ್ಲವಲ್ಲ. ರಜೆ ಮುಗಿದು ನಾನು ಊರಿಗೆ ಬಂದ ಮೇಲೆ ಒಂದು ದಿನ ತಂಗಿ ಹನ್ನೊಂದು ಗಂಟೆಯ ಬಿಸಿಲಿನಲ್ಲಿ ಮಂಡಿ ಹಿಡಿದುಕೊಂಡು ಆ ಹುಲ್ಲಿನ ಅಂಚಿನಲ್ಲಿ ಕೂತಳು. ಸರಪಳಿಯ ಆಚೆ, ಅದೇ ಸರ್ಕಾರಿ ನೆಲದಲ್ಲಿ. ಬುತ್ತಿ ಬಿಚ್ಚಿ ಎರಡು ತುತ್ತು ಉಂಡಳು. ಹದಿನೈದು ನಿಮಿಷ ಎಂದು ಅವಳು ಹೇಳುತ್ತಾಳೆ, ಹದಿನೇಳು ಎಂದು ಕ್ಯಾಮೆರಾ ಹೇಳಿತಂತೆ. ಆ ಫೋಟೋ ಸಂಜೆಯೊಳಗೆ ಮೇಸ್ತ್ರಿಯ ಫೋನಿನಲ್ಲಿತ್ತು. 'ಕೆಲಸದ ವೇಳೆಯಲ್ಲಿ ಖಾಸಗಿ ಸ್ವತ್ತಿನಲ್ಲಿ ಅತಿಕ್ರಮ ಪ್ರವೇಶ' ಎಂದು ಬರೆದಿದ್ದರಂತೆ. ಮರುದಿನದ ಹಾಜರಿ ಪುಸ್ತಕದಲ್ಲಿ ಆ ದಿನಕ್ಕೆ ಗೈರುಹಾಜರಿ ಬಿತ್ತು. ನಾಯಿ ಕೂತದ್ದಕ್ಕೆ ಎರಡು ತಿಂಗಳು ಚರ್ಚೆ, ತಂಗಿ ಕೂತದ್ದಕ್ಕೆ ಒಂದು ದಿನದ ಸಂಬಳ, ಚರ್ಚೆ ಇಲ್ಲ.

ರಾತ್ರಿ ಫೋನು ಮಾಡಿದಳು. ಅಳುತ್ತಾಳೆ ಅಂದುಕೊಂಡಿದ್ದೆ, ಅಳಲಿಲ್ಲ. "ಅಣ್ಣಯ್ಯ, ಅರ್ಜಿ ಬರೀಬೇಕು, ಬಾ" ಅಂದಳು.

ಹೋದೆ. ಅವಳ ಮನೆಯಲ್ಲಿ ಹನ್ನೊಂದು ಜನ ಸೇರಿದ್ದರು, ಒಂಬತ್ತು ಹೆಂಗಸರು, ಇಬ್ಬರು ಗಂಡಸರು. ಸಂಘದ ಹುಡುಗನೊಬ್ಬ ಆಗಲೇ ಒಂದು ಅರ್ಜಿ ಬರೆದು ತಂದಿದ್ದ. 'ಶ್ವಾನಗಳ ಮಲವಿಸರ್ಜನೆಯ ನಿರ್ವಹಣೆ ಕುರಿತು' ಎಂದು ವಿಷಯ. ತಂಗಿ ಓದಿಸಿ ಕೇಳಿದಳು.

"ಸ್ವಾನ ಅಂದ್ರೆ?"

"ನಾಯಿ ಕಣಕ್ಕ."

"ಮತ್ತೆ ನಾಯಿ ಅನ್ನು. ಆ ಇನ್ನೊಂದೂ ಹಂಗೇ ಬರಿ. ನಾನು ಎತ್ತೋದು ವಿಸರ್ಜನೆ ಅಲ್ಲ ಕನಪ್ಪ, ಹೇಲು."

ಆಫೀಸಿನಲ್ಲಿ ತೆಗೆದುಕೊಳ್ಳುವುದಿಲ್ಲ ಎಂದು ಹುಡುಗ ತಕರಾರು ಮಾಡಿದ. "ಮೂಗಿಗೆ ಬಟ್ಟೆ ಕಟ್ಕಂಡು ಓದ್ಲಿ" ಅಂದಳು ಒಬ್ಬ ಮುದುಕಿ. ಮನೆ ತುಂಬ ನಗು. 1973ರಲ್ಲಿ ಬಸವಲಿಂಗಪ್ಪನವರು ಬೂಸಾ ಎಂಬ ಒಂದು ಪದ ಆಡಿದ್ದಕ್ಕೆ ಈ ನಾಡಿನಲ್ಲಿ ಏನೆಲ್ಲ ಆಯಿತು, ಮಂತ್ರಿ ಪದವಿಯೇ ಹೋಯಿತು ಎಂದು ನಾನು ಹೇಳಿದೆ. ಹುಡುಗನಿಗೆ ಅದು ಗೊತ್ತಿರಲಿಲ್ಲ. ಪೆನ್ನು ತೆಗೆದು ತಿದ್ದಿದ.

ಅರ್ಜಿಯ ಒಡಲನ್ನು ಹೇಳಿದವರು ಅವರೇ, ನಾನು ಕಾಗದಕ್ಕೆ ಇಳಿಸಿದೆ. ಅದರ ವಾದ ಇಷ್ಟು. ಆ ಹುಲ್ಲು ಖಾಸಗಿಯಾದರೆ ಅದರ ಮೇಲಿನ ಹೇಲು ಎತ್ತುವುದು ನಮ್ಮ ಕೆಲಸವಲ್ಲ, ನಮ್ಮ ಕೆಲಸ ರಸ್ತೆ. ಹುಲ್ಲು ಸಾರ್ವಜನಿಕರದಾದರೆ ಸರಪಳಿ ಬಿಚ್ಚಿಸಿ, ಬೋರ್ಡು ಕೀಳಿಸಿ, ಅಲ್ಲಿ ಕೂತದ್ದಕ್ಕೆ ಹಿಡಿದ ಸಂಬಳ ವಾಪಸ್ಸು ಕೊಡಿ. ಎತ್ತುವಾಗ ಸರ್ಕಾರದ್ದು, ಕೂರುವಾಗ ಖಾಸಗಿ ಎಂಬ ಎರಡು ಲೆಕ್ಕ ಬೇಡ. ಇವತ್ತಿನಿಂದ ನಾಯಿ ಸಾಕಿದವರು ತಾವೇ ಎತ್ತಿ ಕಟ್ಟಿ ಕೊಟ್ಟರೆ ಗಾಡಿಗೆ ಹಾಕಿಕೊಳ್ಳುತ್ತೇವೆ, ಹುಲ್ಲಿನ ಮೇಲಿನದಕ್ಕೆ ಕೈ ಹಾಕುವುದಿಲ್ಲ. ಹನ್ನೊಂದು ಜನರಲ್ಲಿ ಏಳು ಜನ ಸಹಿ, ನಾಲ್ಕು ಜನ ಹೆಬ್ಬೆಟ್ಟು. ಈ ಥರದ ತರ್ಕವನ್ನು ನಾನು ಬಿ.ಎಡ್. ಕಾಲೇಜಿನಲ್ಲಿ ಕಲಿತಿರಲಿಲ್ಲ.

ಗುಮಾಸ್ತ ಅರ್ಜಿ ಓದಿ ಮುಖ ಹುಳ್ಳಗೆ ಮಾಡಿದ. "ಈ ಪದ ಬೇಕಿತ್ತಾಮ್ಮ?" ಅಂದ. ಮೊಹರು ಮಾತ್ರ ಒತ್ತಿಕೊಟ್ಟ.

ಮೂರು ದಿನ ಹುಲ್ಲುಹಾಸಿನ ಮೇಲಿನದು ಹಾಗೇ ಇತ್ತು. ಮೇಸ್ತ್ರಿ ಬಂದು ಹೆದರಿಸಿದ. ಇಂಜಿನಿಯರರು "ಇವರಿಗೆಲ್ಲ ತಲೆ ತಿರುಗಿದೆ" ಅಂದರಂತೆ, ಡಾಕ್ಟರು ಹೌದೆಂದರಂತೆ, ಎರಡು ತಿಂಗಳ ಮೇಲೆ ಆ ಎರಡು ಮನೆಗೆ ಮಾತು ಶುರುವಾಯಿತು. ನಾಲ್ಕನೆಯ ದಿನ ಡಾಕ್ಟರ ಮಗಳು, ಮೆಡಿಕಲ್ ಓದುವ ಹುಡುಗಿ, ಹಳೆಯ ಪೇಪರು, ಒಂದು ತಗಡಿನ ಮೊರ ಹಿಡಿದು ಬಂದು ತಾನೇ ಎತ್ತಿದಳು. ತಾಯಿ ಗೇಟಿನಲ್ಲಿ ನಿಂತು, "ಅದೆಲ್ಲ ನಿನಗ್ಯಾಕೇ, ಅವರು ಬರ್ತಾರೆ ಬಿಡೇ" ಎಂದು ಕೂಗುತ್ತಿದ್ದರು. ಹುಡುಗಿ ತಿರುಗಿ ನೋಡಲಿಲ್ಲ. ಗಂಟು ಕಟ್ಟಿ ಗಾಡಿಯ ಹತ್ತಿರ ತಂದು, "ಆಂಟಿ, ನಿಮ್ಮ ಹೆಸರೇನು?" ಎಂದು ಕೇಳಿದಳಂತೆ. ತಂಗಿ ಹೇಳಿದಳಂತೆ.

ಈಗ ಆ ಬೀದಿಯಲ್ಲಿ ನಾಲ್ಕು ಮನೆಯವರು ಎತ್ತುತ್ತಾರೆ. ಪಕ್ಕದ ಎರಡು ಬೀದಿಯಲ್ಲಿ ಒಬ್ಬರೂ ಇಲ್ಲ, ಅಲ್ಲಿ ನಾಯಿಗಳನ್ನು ಕತ್ತಲಲ್ಲೇ ಖಾಲಿ ಸೈಟಿಗೆ ಹೊಡೆದುಕೊಂಡು ಹೋಗುತ್ತಾರೆ. ಪಿಯುಸಿ ಹುಡುಗನನ್ನು ಕೆಲಸದಿಂದ ಬಿಡಿಸಿದರು, ಅವನ ತಾಯಿ ಇನ್ನೂ ಅಲ್ಲೇ ಪಾತ್ರೆ ತೊಳೆಯುತ್ತಾಳೆ. ಸರಪಳಿ ಬಿಚ್ಚಿಲ್ಲ. ಮೊದಲ ಅರ್ಜಿಗೆ ಉತ್ತರ ಬರಲಿಲ್ಲವಾಗಿ ಎರಡನೆಯದನ್ನು ಕೊಟ್ಟಿದ್ದೇವೆ, ಈ ಸಲ ಹತ್ತೊಂಬತ್ತು ಸಹಿ. ಹಿಡಿದ ಒಂದು ದಿನದ ಸಂಬಳ ಇದನ್ನು ಬರೆಯುವ ಹೊತ್ತಿಗೂ ಬಂದಿಲ್ಲ.